ಟೀ ಒಲ್ಲೆ ಎಂದ ಗೆಳತಿ

ಕಾಫಿ, ಟೀ ಬಿಟ್ಟ ಆ ವಾರ ಈಗಲೂ ಅರೆನಿದ್ದೆಯಲ್ಲಿ ಕಂಡದ್ದರ ಹಾಗೆಯೇ ನೆನಪಿಗೆ ಬರುತ್ತದೆ. ಬೆಳಗ್ಗೆ ಕಚೇರಿಗೆ ಹೊರಟು, ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ ನಾನೂ ಗೆಳತಿಯೂ ಒಬ್ಬರ ಹೆಗಲಿಗೆ ಒಬ್ಬರು ಆತು ತೂಗುತ್ತಿದ್ದೆವು. ಕಿಟಕಿಯಾಚೆ ಗದ್ದೆ, ಮೆಕ್ಕೆಜೋಳದ ಹೊಲ, ನಿಂತ ಎಮ್ಮೆ ಎಲ್ಲವೂ ನೀರಿನೊಳಗಿಂದ ನೋಡಿದಂತೆ ಕದಲುತ್ತಿದ್ದವು. ಹಣೆಯ ಹಿಂದೆ ಸಣ್ಣಗೆ ನೋವು. ಕಂಡಕ್ಟರು ನಮ್ಮ ಸ್ಟಾಪ್ ಕೂಗಿದರೂ ಅದು ಬೇರೆ ಯಾರಿಗೋ ಹೇಳಿದ ಮಾತೆಂದು ಸುಮ್ಮನೆ ಕೂತಿರುತ್ತಿದ್ದೆವು.

ಬಿಡಬೇಕಾಗಿದ್ದವಳು ಗೆಳತಿ. ನಾನು ಜೊತೆಗೆ ಬಿಟ್ಟೆ, ಅಷ್ಟೇ. ಅವಳು ಚನ್ನಗಿರಿ ಕಡೆ ನಲ್ಲೂರಿನ ಅಡಿಕೆ ವ್ಯಾಪಾರದ ಮನೆಯವಳು. ಕಚೇರಿಯಲ್ಲಿ ನನ್ನ ಪಕ್ಕದ ಮೇಜು. ತೂಕ ಇಳಿಯುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಬೆಳಗಿನ ತಿಂಡಿ ಬಿಟ್ಟು, ಹಾಲು ಸಕ್ಕರೆಯಿಲ್ಲದ ಕಪ್ಪು ಕಾಫಿಯನ್ನು ಲೋಟಗಟ್ಟಲೆ ಕುಡಿದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಹಸಿವೇನೋ ಸತ್ತಿತು. ತೂಕ ಸ್ವಲ್ಪ ಇಳಿದಂತೆ ಮಾಡಿ ಮತ್ತೆ ಏರಿ ಕೂತಿತು. ನಿದ್ದೆಗೆಟ್ಟವಳಿಗೆ ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಬೇಕೇ ಬೇಕು. ಆಮೇಲೆ ಕೈನಡುಕ, ಎದೆ ಡಬಡಬ. "ತೂಕ ಇಳ್ಸೋದು ಕಾಫಿ ಅಲ್ಲಮ್ಮ. ಸದ್ಯಕ್ಕೆ ಕಾಫಿ, ಟೀ ಎರಡೂ ಮುಟ್ಟಬ್ಯಾಡ್ರಿ" ಎಂದರು ಡಾಕ್ಟರು.

ಆ ಭಾನುವಾರ ಅವಳನ್ನು ಮೊದಲ ಸಲ ಸಾಸ್ವೆಹಳ್ಳಿಯ ನಮ್ಮ ಮನೆಗೆ ಕರೆದುಕೊಂಡು ಹೋದೆ. ನಮ್ಮದು ದಲಿತ ಕೇರಿ. ಪಡಸಾಲೆಯ ಗೋಡೆಗೆ ಬುದ್ಧನ ಪಟ. ಅವ್ವ ಬೆಳಗಿನಿಂದ ಕಾದಿದ್ದಳು. "ಬರ್ರಿ, ಕೂತ್ಕಳ್ರಿ" ಎಂದವಳೇ ಶುಂಠಿ ಜಜ್ಜಿ, ಹಾಲು ಧಾರಾಳ ಹಾಕಿ ಟೀ ಕುದಿಸಿ, ಹೊಸ ಕಪ್ಪಿನಲ್ಲಿ ತಂದು ಗೆಳತಿಯ ಮುಂದೆ ಹಿಡಿದಳು.

"ಅಮ್ಮಾ, ನನಗೆ ಟೀ ಬ್ಯಾಡ. ಡಾಕ್ಟ್ರು ಕುಡೀಬ್ಯಾಡ ಅಂದಾರೆ" ಎಂದಳು ಗೆಳತಿ.

ಅವ್ವನಿಗೆ ಈ ಮಾತು ಹೊಸದಲ್ಲ. ವೋಟು ಕೇಳಲು ಬಂದವರು, ಜನಗಣತಿಗೆ ಬಂದವರು ಎಲ್ಲರೂ ಹೀಗೇ. ಒಬ್ಬರಿಗೆ ಸೋಮವಾರದ ಒಪ್ಪತ್ತು, ಒಬ್ಬರಿಗೆ ಟೀ ಈಗಷ್ಟೇ ಆಗಿದೆ, ಇನ್ನೊಬ್ಬರಿಗೆ ಶುಗರ್. ಜಾತಿ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಂಥವರು ಹೋದ ಮೇಲೆ ಅವ್ವ ಅವರನ್ನು ಅಣಕಿಸಿ ನಗುತ್ತಿದ್ದಳು. ಅವತ್ತು ನಗಲಿಲ್ಲ. "ಆತು ಬಿಡ್ರಿ" ಎಂದು ಕಪ್ಪು ಹಿಡಿದುಕೊಂಡು ಒಳಗೆ ಹೋದಳು.

ನನಗೆ ಅಳು ಬಂತು. ಗೆಳತಿಗೆ ನಿಜಕ್ಕೂ ಹುಷಾರಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವ್ವ ನಂಬುವುದಿಲ್ಲ, ಇನ್ನೊಮ್ಮೆ ಅವಳನ್ನು ಮನೆಗೆ ಕರೆಯುವ ಹಾಗಿಲ್ಲ. ಬಾಗಿಲಿನ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಮಂಪರು ಹತ್ತಿದವಳಂತೆ ಅದನ್ನೇ ನೋಡುತ್ತ ಕೂತೆ. ಗೆಳತಿ ನನ್ನ ಮುಖ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು. ಅರ್ಥವಾಗಿರಬೇಕು. ಎದ್ದು ಸೀದಾ ಒಳಗೆ ಹೋಗಿ ಒಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

"ಅಮ್ಮಾ, ಟೀ ಕುಡುದ್ರೆ ಎದೆ ಹೊಡ್ಕಂತೈತೆ. ಆದ್ರೆ ಹಸಿವು ಭಾಳ ಆಗೈತೆ. ರೊಟ್ಟಿ ಐತಾ?"

ರೊಟ್ಟಿ ಇತ್ತು, ಬದನೆಕಾಯಿ ಪಲ್ಯ ಇತ್ತು. ಅವ್ವ ಒಂದು ರೊಟ್ಟಿ ಹಾಕಿ, ನಿಂತು ನೋಡಿದಳು. ಗೆಳತಿ ಮುರಿದು ತಿಂದಳು. ಅವ್ವ ಇನ್ನೊಂದು ಹಾಕಿದಳು. ಡಯಟ್ಟು ಎತ್ತ ಹೋಯಿತೋ, ಗೆಳತಿ ಬೆರಳು ನೆಕ್ಕಿಕೊಂಡು ಮತ್ತೆ ತಟ್ಟೆ ಚಾಚಿದಳು.

"ನಿಧಾನ ತಿನ್ನವ್ವ" ಎಂದಳು ಅವ್ವ. ಆ ಅಡುಗೆಮನೆಯಲ್ಲಿ ಹೊತ್ತೇ ನಿಂತುಹೋಗಿದೆ ಎನಿಸಿತು ನನಗೆ. ಬಾಗಿಲಿಗೆ ಒರಗಿ ನಿಂತಿದ್ದೆ. ನೀರು ತರುವ ನೆಪದಲ್ಲಿ ಅವ್ವ ನನ್ನ ಹತ್ತಿರ ಬಂದು ರಟ್ಟೆ ಹಿಡಿದುಕೊಂಡಳು. ಕಣ್ಣು ಒದ್ದೆ, ಮುಖದ ತುಂಬ ಸಂತೋಷ.

"ಏ, ಆ ಹುಡುಗಿ ಎದೆ ನಿಜವಾಗ್ಲೂ ಹೊಡ್ಕಂತೈತೆ ಕಣೇ!"