ಊಟಕ್ಕೆ ಹಾಲು ಬಿಡ್ರಿ

ನಮ್ಮ ಅತ್ತೆ ಚಿಕ್ಕಜಾಜೂರಿನ ತಂಗಿಯ ಮನೆಗೆ ಹೋಗುವುದನ್ನೇ ನಿಲ್ಲಿಸಿದ್ದರು. ಹೊಳಲ್ಕೆರೆಯಿಂದ ಅದೇನು ದೂರದ ಹಾದಿಯಲ್ಲ. ಬಸ್ಸು ಹತ್ತಿ ಎಲೆಅಡಿಕೆ ಹಾಕಿಕೊಂಡರೆ, ಬಾಯಿ ಕೆಂಪಾಗಿ ನಾಲ್ಕು ಮಾತಾಡುವುದರೊಳಗೆ ಊರು ಬರುತ್ತದೆ. ಆದರೂ ಒಂದು ಸಲ ಮಂಡಿನೋವು, ಇನ್ನೊಂದು ಸಲ ಬಿಸಿಲು, ಏನಾದರೊಂದು ನೆಪ. "ನನ್ನ ಮೇಲೆ ಸಿಟ್ಟೇನಕ್ಕಾ?" ಎಂದು ತಂಗಿ ಫೋನಿನಲ್ಲಿ ಕೇಳುತ್ತಿದ್ದುದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು.

ನಿಜವಾದ ಕಾರಣ ಒಂದು ಸಂಜೆ ಸೊಪ್ಪು ಸೋಸುವಾಗ ಹೊರಬಿತ್ತು.

"ಹೊಟ್ಟೆ ಗುಡುಗುಡು ಅಂತೈತೆ ಕಣೆ. ಬಸ್ಸಲ್ಲಿ ಹಂಗಾದ್ರೆ ಎಲ್ಲಿ ಇಳಿಲಿ? ಹೋದೋರ ಮನ್ಯಾಗೆ ಗಳಿಗೆಗೊಂದ್ಸಲ ಪಾಯಿಖಾನೆಗೆ ಓಡಕಾಗುತ್ತಾ? ನಗಬ್ಯಾಡ."

"ನಾನೆಲ್ಲಿ ನಕ್ಕೆ ಅತ್ತೆ?"

"ಒಳಗೊಳಗೇ ನಗ್ತಿದೀಯ."

ಅವರು ಕೈಮೂಳೆ ಮುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡ ಮೇಲೆ, ನೋಡಲು ಬಂದವರೆಲ್ಲ ಹಾಲು ಕುಡಿಯಿರಿ, ಮೂಳೆ ಗಟ್ಟಿಯಾಗುತ್ತದೆ ಎಂದು ಹೇಳಿ ಹೋಗಿದ್ದರು. ಮೊದಲೇ ಹಾಲೆಂದರೆ ಪ್ರಾಣ. ಅಂದಿನಿಂದ ಬೆಳಿಗ್ಗೆ ಒಂದು ದೊಡ್ಡ ಲೋಟ, ಮಲಗುವ ಮುಂಚೆ ಇನ್ನೊಂದು. ಕೈ ಕೂಡಿಕೊಂಡಿತು, ಹೊಟ್ಟೆ ಮಾತ್ರ ಕೆಟ್ಟಿತು. ಎರಡಕ್ಕೂ ಸಂಬಂಧವಿರಬಹುದು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಾನು ಅವರು ಬರೆದುಕೊಟ್ಟ ಔಷಧಿ ತರಲು ಪಕ್ಕದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮುಖ ಅರಳಿತ್ತು.

"ಏನಂದ್ರು ಅತ್ತೆ?"

"ಊಟಕ್ಕೂ ಹಾಲು ಬಿಡ್ರಿ ಅಂದ್ರು. ಒಳ್ಳೆ ಡಾಕ್ಟ್ರು ಕಣೆ."

ನಮ್ಮ ಮನೆಯಲ್ಲಿ ಉಣ್ಣಲು ಕೂತವರು ಸಾರು ಬಿಡು, ಮಜ್ಜಿಗೆ ಬಿಡು ಎನ್ನುತ್ತಾರೆ. ಬಿಡುವುದೆಂದರೆ ಬಡಿಸುವುದು. ಹಾಗಾಗಿ ಅವತ್ತಿನಿಂದ ಅವರ ಅನ್ನಕ್ಕೆ ಧಾರಾಳವಾಗಿ ಹಾಲು ಬಿಟ್ಟೆ. ವಾರ ಕಳೆಯುವುದರೊಳಗೆ ಅವರು ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂರುವುದನ್ನೂ ನಿಲ್ಲಿಸಿದರು. ಯಾರಾದರೂ ಹೊಟ್ಟೆಯ ಸದ್ದು ಕೇಳಿಯಾರು ಎಂಬ ನಾಚಿಕೆ. "ನಾನಿನ್ನು ಜಾಜೂರು ಕಂಡಂಗೇ ಐತೆ," ಎಂದು ಒಂದು ದಿನ ಗೋಡೆಯ ಕಡೆ ಮುಖ ಮಾಡಿ ಹೇಳಿದರು.

ಮತ್ತೆ ಹೋದೆವು. ಈ ಸಲ ನಾನೂ ಒಳಗೇ ಕೂತೆ.

"ಹಾಲು ಬಿಟ್ರಾ ಅಜ್ಜಿ?"

"ಬಿಟ್ವಲ್ಲಪ್ಪ! ಎರಡೊತ್ತೂ ಬಿಟ್ವಿ. ಈಕೆ ಕೈ ದೊಡ್ದು, ಅನ್ನ ಮುಳುಗೋ ಹಂಗೆ ಬಿಡ್ತಾಳೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯೋ ಅಜ್ಜಿ, ಬಿಡ್ರಿ ಅಂದ್ರೆ ಕುಡಿಯೋದು ನಿಲ್ಲಿಸ್ರಿ ಅಂತ!"

"ಹಂಗಂದ್ರೆ ನಿಲ್ಸು ಅನ್ನಬೇಕಪ್ಪ. ಊಟದ ಮಾತಿನಾಗೆ ಬಿಡು ಅಂದ್ರೆ ಯಾರಾದ್ರೂ ಬಿಡೋದೇ."

ಮೂವರೂ ನಕ್ಕೆವು. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಹಾಲು ಕೆಟ್ಟದ್ದಲ್ಲ, ಅದರಲ್ಲಿ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಇದೆ, ಮೈಗೆ ಬೇಕಾದ ಪ್ರೋಟೀನ್ ಇದೆ. ಆದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹಳ ಜನಕ್ಕೆ ವಯಸ್ಸಾಗುತ್ತ ಕಡಿಮೆಯಾಗುತ್ತದೆ.

"ನಾನು ಸಕ್ಕರೆ ಹಾಕ್ಕಳದೇ ಇಲ್ವಲ್ಲ!" ಎಂದರು ಅತ್ತೆ.

"ನೀವು ಹಾಕೋದಲ್ಲ ಅಜ್ಜಿ, ಹಾಲಿನಾಗೇ ಇರೋದು. ಹೆಪ್ಪು ಹಾಕಿದ್ರೆ ಅದರಾಗೆ ಒಂದಿಷ್ಟು ಕಮ್ಮಿ ಆಗ್ತದೆ. ಅದಕ್ಕೇ ಮಜ್ಜಿಗೆ ಕುಡೀರಿ. ಮುದ್ದೆ, ಎಳ್ಳು, ಸೊಪ್ಪು ಬಿಡಬ್ಯಾಡ್ರಿ..." ಎಂದವರು ನಾಲಿಗೆ ಕಚ್ಚಿಕೊಂಡು, "ಅಂದ್ರೆ ತಿನ್ರಿ, ಚೆನ್ನಾಗಿ ತಿನ್ರಿ!" ಎಂದರು.

ಹೊರಡುವಾಗ ನನ್ನ ಮಗಳ ವಿಚಾರವನ್ನೂ ಕೇಳಿದೆ. ಅವಳು ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು, ತಿಂಡಿ ಮುಟ್ಟದೆ ಕಾಲೇಜಿಗೆ ಓಡುತ್ತಾಳೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ನಾರಂತೂ ಇಲ್ಲ, ಬರೀ ಅದನ್ನೇ ನಂಬಬೇಡಿ ಎಂದರು.

ಮನೆಗೆ ಬಂದ ಮೇಲೆ ಅತ್ತೆಯ ನಗು ಇಳಿದುಹೋಯಿತು. "ಎಮ್ಮೆ ಕಟ್ಕಂಡು ಮಕ್ಕಳ್ನ ಸಾಕಿದೋಳು ನಾನು. ನನಗೇ ಹಾಲು ಆಗಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದರು. ಅವರ ನೋವು ನನಗೆ ಅರ್ಥವಾಯಿತು. ಮಜ್ಜಿಗೆಯೂ ಅದೇ ಎಮ್ಮೆಯದಲ್ಲವೇ ಎಂದೆ. ಮರುದಿನ ಬೆಳಿಗ್ಗೆ ಅತ್ತೆ ತಾವೇ ಕಡೆಗೋಲು ಹಿಡಿದು ಕೂತರು.

ಹೊಟ್ಟೆ ನಿಧಾನಕ್ಕೆ ತಣ್ಣಗಾಯಿತು. ಟೀಗೆ ಹಾಕುವ ಎರಡು ಚಮಚ ಹಾಲಿನಿಂದ ತೊಂದರೆಯಿಲ್ಲ ಎಂಬುದನ್ನು ಅವರೇ ಕಂಡುಕೊಂಡರು. ಕಟ್ಟೆಗೂ ಹೋಗತೊಡಗಿದರು. ಒಂದು ದಿನ ತಾವಾಗಿಯೇ, "ಏಳೇ, ಜಾಜೂರಿಗೆ ಹೋಗಾಣ," ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಅದು ಸುಮ್ಮನಿತ್ತು.

ತಂಗಿ ಬಾಗಿಲಲ್ಲೇ ಅಪ್ಪಿಕೊಂಡು ಅತ್ತರು. ಕೂತು ಉಸಿರು ಬಿಡುವುದರೊಳಗೆ ಸ್ಟೀಲ್ ಲೋಟದ ತುಂಬ ಹಾಲು, ಮೇಲೆ ದಪ್ಪ ಕೆನೆ. ಅತ್ತೆ ಲೋಟ ನೋಡಿದರು, ನನ್ನನ್ನು ನೋಡಿದರು. ಅದು ಅವರೇ ಹೇಳಬೇಕಾದ ಮಾತು.

"ಮಜ್ಜಿಗೆ ಐತೇನೇ?" ಎಂದರು ಸಣ್ಣ ದನಿಯಲ್ಲಿ. "ನನಗೀಗ ಹಾಲು ಆಗಿಬರಲ್ಲ."

ತಂಗಿ ಸೆರಗಿನಿಂದ ಮೂಗೊರೆಸಿಕೊಂಡು, "ನನಗೂ ಆಗಲ್ಲ ಕಣಕ್ಕ. ನೀನು ಬೈತೀಯ ಅಂತ ಹೇಳಿರ್ಲಿಲ್ಲ," ಎಂದರು.

"ಹೋಗೇ ಅತ್ಲಾಗೆ! ಇಷ್ಟು ದಿನ ಹೆದರ್ಕಂಡು ಮನ್ಯಾಗೆ ಕುಂತಿದ್ನಲ್ಲೇ!"

ಇಬ್ಬರೂ ನಗುತ್ತಾ ಲೋಟವನ್ನು ನನ್ನ ಕಡೆ ಸರಿಸಿದರು. ನಾನು ಕೆನೆಯ ಸಮೇತ ಕುಡಿದೆ, ನನಗಿನ್ನೂ ಅರಗುತ್ತದೆ. ಸಂಜೆ ಹೊರಡೋಣವೇ ಅತ್ತೆ ಎಂದಾಗ ಅವರು ಚೀಲದಿಂದ ಎರಡು ಸೀರೆ ತೆಗೆದು ತಂಗಿಯ ಹಗ್ಗದ ಮೇಲೆ ಹಾಕುತ್ತಿದ್ದರು. ಬಸ್ಸಿಗೆ ನಾನೊಬ್ಬಳೇ ಹತ್ತಿದೆ.