ದಾನವ್ವ ಬಾಗಿಲಿಗೆ ಸಂಬಂಧ ನೋಡಿದ್ದು

ದಾನವ್ವನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡ ಗಂಡಿನ ಕಡೆಯವರು ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ಓಣಿಯ ಅರ್ಧ ಮದುವೆಗಳು ಆಕೆ ಕೂಡಿಸಿದ್ದು; ಮುರಿದ ಸಂಬಂಧಗಳ ಸುದ್ದಿ ಮಾತ್ರ ಎತ್ತಬೇಡಿ. ಹುಡುಗ ಹಂಗಿದಾನೆ, ಹಿಂಗಿದಾನೆ ಅಂತ ಹೊಗಳಿದರೆ ತಲೆ ಆಡಿಸೋಳು, ಚಹಾ ಕುಡಿಯೋಳು, ಆಮೇಲೆ ಸಾವಕಾಶ ಶುರು ಮಾಡೋಳು: ಯಾವೂರು, ಯಾರ ಪೈಕಿ, ಹಿಂದಿನ ನೌಕರಿ ಯಾಕೆ ಬಿಟ್ಟ? ಅಂಥಾಕೆಗೆ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಕೆಲಸವೇ ಇಲ್ಲ. ಇಲ್ಲಿನ ಹುಡುಗರು ತಮ್ಮ ಸಂಬಂಧ ತಾವೇ ಫೋನಿನಲ್ಲಿ ನೋಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಕಾಡಿನ ಬೆಂಕಿ ಬಂತು. ಸರಟೋಗಾದ ಮೇಲಿನ ಗುಡ್ಡದಲ್ಲಿದ್ದ ಮಗ ಗುರುಕಿರಣನ ಮನೆ ಬೂದಿಯಾಯಿತು. ಉಟ್ಟ ಬಟ್ಟೆಯಲ್ಲಿ ಓಡಿಬಂದವರು ಯೂನಿಯನ್ ಸಿಟಿಯ ಬಾಡಿಗೆ ಅಪಾರ್ಟ್‌ಮೆಂಟು ಸೇರಿ, ಅದೇ ಜಾಗದಲ್ಲಿ ಮತ್ತೆ ಮನೆ ಎಬ್ಬಿಸತೊಡಗಿದರು. ಸೊಸೆ ಮಾಧುರಿಯದು ಒಂದೇ ಹಟ: ಎಲ್ಲಿ ಕಡಿದದ್ದು ಅಂತ ಗೊತ್ತಿಲ್ಲದ ಮರದ ಒಂದು ಕಡ್ಡಿಯೂ ಬೇಡ. ನಮ್ಮ ಕಾಡು ಸುಟ್ಟಿತು ಅಂತ ಇನ್ನೊಬ್ಬರ ಕಾಡು ಬೋಳಿಸೋದಾ, ಅನ್ನೋಳು. ದಾನವ್ವನದೂ ಒಂದೇ ಹಟ: ತಲೆಬಾಗಿಲು ಸಾಗವಾನಿಯದೇ ಆಗಬೇಕು. ಶುಕ್ರವಾರ ಚೌಕಟ್ಟು ಇಡುವ ಪೂಜೆ. ಸಾಗವಾನಿ ಬಾಗಿಲಾ ನೋಡಾಕ ಬರ್ರಿ ಅಂತ ಅರ್ಧ ಕನ್ನಡಕೂಟಕ್ಕೆ ಆಗಲೇ ಫೋನು ಮಾಡಿಬಿಟ್ಟಿದ್ದಳು.

ವಾರದ ಮೊದಲಿಗೆ ಅತ್ತೆ ಸೊಸೆ ಇಬ್ಬರೂ ಚೆಲುವರಾಜು ಅನ್ನೋ ವ್ಯಾಪಾರಿಯ ಗೋಡೌನಿಗೆ ಹೋದರು. ಸಾಗವಾನಿ ಹಲಗೆಯ ಮೇಲೆ ಕೈ ಇಟ್ಟಿದ್ದೇ ತಡ, ದಾನವ್ವ ಕರಗಿಹೋದಳು. ಎಣ್ಣೆ ಹಚ್ಚಿದ ತಲೆಗೂದಲಿನಷ್ಟು ನುಣುಪು!

"ಅತ್ತೆ, ಅದರ ಪೇಪರ್ಸು ಕೇಳಬೇಕು," ಅಂದಳು ಮಾಧುರಿ.

"ಪೇಪರ್ ಯಾಕ? ನಾ ಮಾತಾಡಸ್ತೀನಿ, ಸುಮ್ಮನಿರು. ಯಾವೂರದಪಾ ಇದು?"

"ಬರ್ಮಾದ್ದು ಅಮ್ಮಾ, ಒರಿಜಿನಲ್ಲು," ಅಂದ ಚೆಲುವರಾಜು.

"ಬರ್ಮಾದಾಗ ಯಾವ ಕಾಡು?"

"ಅದು... ನಮಗೆ ಸಿಂಗಪುರದಿಂದ ಬರತ್ತೆ."

"ಸಿಂಗಪುರ ಸೋದರಮಾವನ ಮನಿ ಆತು. ಹುಟ್ಟಿದ್ದೆಲ್ಲಿ? ಕಡದಾವ್ರು ಯಾರು? ಅಲ್ಲಿ ಮತ್ತ ಸಸಿ ಹಚ್ಯಾರೋ ಇಲ್ಲೋ?"

ಚೆಲುವರಾಜು ಬೆವರು ಒರೆಸಿಕೊಂಡ. "ಅದೆಲ್ಲಾ ಯಾಕಮ್ಮಾ, ಮುಖ ನೋಡಿ ಮರದ್ದು. ಹೆಂಗೆ ಹೊಳೀತಿದೆ."

ದಾನವ್ವನ ಕೈ ಹಲಗೆಯಿಂದ ಮೇಲೆದ್ದಿತು. ಹುಡುಗನ ಮುಖ ನೋಡ್ರೀ ಅಂದ ಮನೆಗಳನ್ನು ಆಕೆ ಎಷ್ಟು ಕಂಡಿಲ್ಲ! ಕಾರಿನಲ್ಲಿ ಕೂತು ಕಣ್ಣು ಒರೆಸಿಕೊಂಡು, "ಬ್ಯಾಡವಾ ಈ ಸಂಬಂಧ," ಅಂದಳು. ಆಸೆಪಟ್ಟ ಮರ ಹೋಯಿತು, ಕರೆದ ಮಂದಿಗೆ ಏನು ಹೇಳೋದು ಅನ್ನೋ ಚಿಂತೆ ಬೇರೆ. ಮಾಧುರಿ ನಗಬೇಕೋ ಅಳಬೇಕೋ ತಿಳಿಯದೆ ಫ್ರೀವೇ ಎಕ್ಸಿಟ್ಟು ತಪ್ಪಿಸಿದಳು.

ಅಲ್ಲಿಂದ ಗುಡ್ಡಕ್ಕೆ ಬಂದರೆ, ಹೊಸ ಮನೆಯ ಪಕ್ಕ ಕೆಂಪು ಹಲಗೆಗಳ ರಾಶಿ ಬಿದ್ದಿತ್ತು.

"ಇವ ಯಾರು?" ಅಂದಳು ದಾನವ್ವ.

ಮಾಧುರಿ ತಡವರಿಸಿದಳು. ಸುಟ್ಟ ಮರ ಮನೆಗೆ ಆಗಿಬರೋದಿಲ್ಲ ಅಂತ ಅತ್ತೆಯೇ ಹತ್ತು ಸಲ ಹೇಳಿದ್ದಳಲ್ಲ. "ಹಿತ್ತಲ ರೆಡ್‌ವುಡ್ಡು ಅತ್ತೆ. ಬೆಂಕಿಗೆ ಸತ್ತಿತ್ತು, ಬೀಳತ್ತೆ ಅಂತ ಕಡಿಸಿದ್ವಿ. ಬಾಗಿಲಿಗಲ್ಲ, ಸುಮ್ಮನೆ..."

ದಾನವ್ವ ರಾಶಿಗೆ ಒಂದು ಸುತ್ತು ಬಂದಳು. ಪ್ರತಿ ಬೇಸಿಗೆ ಆಕೆಯ ಸಂಡಿಗೆ ಮೇಲೆ ಕಸ ಉದುರಿಸಿ ದಿನಾ ಬೈಸಿಕೊಂಡ ಮರ! ತೊಗಟೆಯಷ್ಟೇ ಕರಿ, ಒಳಗೆ ಒಂದು ಗೆರೆ ಕೂಡ ಕೆಟ್ಟಿಲ್ಲ. "ನೀನೇನೋ ಭಾಡ್ಯಾ," ಅಂದು ಹಲಗೆಗೆ ಒಂದು ಏಟು ಹಾಕಿದಳು, ಕಿಸಕ್ಕನೆ ನಕ್ಕಳು. ಆ ನಗು ನಿಲ್ಲಲೇ ಇಲ್ಲ. ಮಾಧುರಿಗೂ ಅಂಟಿತು. ಹಲಗೆ ರಾಶಿಯ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗೋದನ್ನು ನೋಡಿ ಬಡಗಿ ಗರಗಸದ ಮಷೀನು ಬಂದ್ ಮಾಡಿದ.

ಶುಕ್ರವಾರ ಅದೇ ಕೆಂಪು ಹಲಗೆಯ ಚೌಕಟ್ಟು ಎದ್ದು ನಿಂತಿತು. ಸಾಗವಾನಿ ನೋಡಲು ಬಂದ ಮಂದಿ ಮುಖಮುಖ ನೋಡಿಕೊಂಡರು. ಗುಡ್ಡದ ಕೆಳಗಿಂದ ಬಂದಿದ್ದ ಇಂದು ಅನ್ನೋ ಡಾಕ್ಟರಮ್ಮ ಮಾತ್ರ ಮೆಲ್ಲಗೆ ಕೇಳಿಯೇಬಿಟ್ಟಳು: "ಸುಟ್ಟ ಮರ ಮನೆಗೆ ಆಗತ್ತಾ ದಾನವ್ವಾ?"

ದಾನವ್ವ ಅರಿಶಿನ ಹಚ್ಚುತ್ತಿದ್ದ ಕೈ ನಿಲ್ಲಿಸದೆ ಅಂದಳು, "ನಾವೂ ಅದ ಬೆಂಕ್ಯಾಗಿಂದ ಎದ್ದು ಬಂದವ್ರು ಅಲ್ಲೇನವಾ? ನಾವು ಈ ಮನಿಗೆ ಆಗತೀವಂದ್ರ ಇದೂ ಆಗತೈತಿ."

ಡಾಕ್ಟರಮ್ಮ ಬಟ್ಟಲಿನಿಂದ ಅರಿಶಿನ ತಗೊಂಡು, ಚೌಕಟ್ಟಿನ ಇನ್ನೊಂದು ಕಂಬಕ್ಕೆ ತಾನೇ ಹಚ್ಚತೊಡಗಿದಳು.