ಡ್ರೈವ್‌ವೇಯಲ್ಲಿ ನಡೆದ ಪದಗಳು

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ (ಇಲ್ಲಿಯವರ ಬಾಯಲ್ಲಿ ಅದು ‘ಅರ್ವೋ’) ನಮ್ಮಪ್ಪ ನಮ್ಮ ಮನೆಯ ಮುಂದೆ ಕಾರು ಬರುವ ಡ್ರೈವ್‌ವೇಯಲ್ಲಿ ಬಾತುಕೋಳಿಯ ಹಾಗೆ ನಡೆದರು.

ಮೊದಲು ಬಾತುಕೋಳಿ. ಆಮೇಲೆ ಕಳ್ಳ. ಆಮೇಲೆ ಪಾರ್ಟಿ ಮುಗಿಸಿ ಮನೆಗೆ ಹೊರಟ ಕುಡುಕ. ನಾಯಿ ಹಿಡಿದುಕೊಂಡು ವಾಕಿಂಗ್ ಬಂದಿದ್ದ ದಂಪತಿ ನಮ್ಮ ಲೆಟರ್‌ಬಾಕ್ಸ್ ಹತ್ತಿರ ಒಂದು ಕ್ಷಣ ನಿಂತರು. “ಲವ್ಲೀ ಡೇ” ಎಂದು ನಕ್ಕು, ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಟ್ಟರು. ನಾಯಿ ಮಾತ್ರ ತಿರುಗಿ ತಿರುಗಿ ನೋಡುತ್ತಿತ್ತು.

ಗಾಬರಿಯಾಗಬೇಡಿ. ಅಪ್ಪನಿಗೆ ಏನೂ ಆಗಿರಲಿಲ್ಲ. (ಹಾಗಂತ ನಾವೆಲ್ಲ ಅಂದುಕೊಂಡಿದ್ದೆವು.) ಅವರು ಪಕ್ಕದ ಮನೆಯ ಯಾರ್ಮಿಲಾ ಅವರಿಗೆ ಅನುವಾದದಲ್ಲಿ ಸಹಾಯ ಮಾಡುತ್ತಿದ್ದರು, ಅಷ್ಟೆ.

ಯಾರ್ಮಿಲಾ ಎಪ್ಪತ್ತು ದಾಟಿದ ಜೆಕ್ ಹೆಂಗಸು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಅಡಿಲೇಡಿಗೆ ಬಂದವರು. ಗಂಡ ಈಗಿಲ್ಲ. ನಾವು ಅಡಿಲೇಡಿನ ಈ ಮಾಸನ್ ಲೇಕ್ಸ್ ಬಡಾವಣೆಗೆ ಬಂದ ವಾರವೇ ಒಂದು ತಟ್ಟೆ ಪ್ಲಮ್ ಕೇಕ್ ಹಿಡಿದು ಬಂದು, ಫೆನ್ಸಿನ ಆಚೆಯಿಂದ ನಿಮ್ಮ ಒಗ್ಗರಣೆ ವಾಸನೆ ಚೆನ್ನಾಗಿರುತ್ತೆ ಎಂದು ಹೇಳಿ ಸ್ನೇಹ ಮಾಡಿಕೊಂಡವರು. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳನ್ನು ಜೆಕ್ ಭಾಷೆಗೆ ಅನುವಾದ ಮಾಡುವುದು ಅವರ ಕಸುಬು.

ಕೊಲೆ, ರಕ್ತ, ಕೋರ್ಟು ಯಾವುದೂ ಅವರಿಗೆ ಕಷ್ಟವಲ್ಲ. ಅವರನ್ನು ಕಾಡುವುದು ನಡಿಗೆ.

“ಈ ಇಂಗ್ಲಿಷ್ ಲೇಖಕರು ಯಾರನ್ನೂ ಸುಮ್ಮನೆ ನಡೆಯೋಕೆ ಬಿಡಲ್ಲ ಸುಮಾ” ಎಂದು ಅವರು ಗೊಣಗುತ್ತಿರುತ್ತಾರೆ. ಒಬ್ಬ ಶಫಲ್ ಮಾಡುತ್ತಾನೆ, ಒಬ್ಬ ಸ್ಟ್ರೋಲ್ ಮಾಡುತ್ತಾನೆ, ಇನ್ನೊಬ್ಬಳು ಬಾಗಿಲವರೆಗೂ ಆರಾಮಾಗಿ ಆ್ಯಂಬಲ್ ಮಾಡಿ, ಅಲ್ಲಿಂದ ಟಿಪ್‌ಟೋ. ಸಾಲದ್ದಕ್ಕೆ ಜೆಕ್ ಭಾಷೆಯ ತಗಾದೆ ಬೇರೆ. ಇಂಗ್ಲಿಷಿನಲ್ಲಿ ‘ಗೋ’ ಎಂದರೆ ಮುಗಿಯಿತು. ನಾವೂ ಅಷ್ಟೆ, ಸರ್ವೋಗೆ (ಅಂದರೆ ಪೆಟ್ರೋಲ್ ಬಂಕಿಗೆ) ಹೋದ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಜೆಕ್ ಹಾಗೆ ಬಿಡುವುದಿಲ್ಲವಂತೆ. ಕಾಲ್ನಡಿಗೆಯಾದರೆ ‘ಯೀತ್’, ಗಾಡಿಯಾದರೆ ‘ಯೆತ್’. ಹೋದವನು ಹೇಗೆ ಹೋದ ಎಂದು ತಿಳಿಯದೆ ಆ ಭಾಷೆಯಲ್ಲಿ ವಾಕ್ಯ ಮುಂದಕ್ಕೆ ಸಾಗುವುದೇ ಇಲ್ಲ! ಎಂಥ ಅಧಿಕಪ್ರಸಂಗಿ ಭಾಷೆ ಅನ್ನಿಸಿತ್ತು ನನಗೆ.

ಹಾಗಾಗಿ ಯಾರ್ಮಿಲಾ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ನಡಿಗೆಯ ಪದ ಸಿಕ್ಕಿದರೆ ಡಿಕ್ಷನರಿ ತೆಗೆಯುವುದಿಲ್ಲ. ಯಾರನ್ನಾದರೂ ಹಿಡಿದು ನಡೆಸುತ್ತಾರೆ. ಮೊದಲು ಕಾಲು, ಆಮೇಲೆ ಪದ. ಕಣ್ಣೆದುರು ನಡಿಗೆ ಕಂಡರೆ ಜೆಕ್ ಪದ ತಾನಾಗಿ ಬಾಯಿಗೆ ಬರುತ್ತದೆ ಎನ್ನುವುದು ಅವರ ನಂಬಿಕೆ. ಮೊದಲೆಲ್ಲ ನಾನು ಸಿಕ್ಕಿಬೀಳುತ್ತಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳ ಕೈಲಿ ಎಷ್ಟು ಥರ ನಡೆಸಬಹುದು ಹೇಳಿ? ನಾನು ಹೇಗೆ ನಡೆದರೂ ಟ್ರೇನ್ ಹಿಡಿಯೋಕೆ ಓಡುವವಳ ಹಾಗೆ ಕಾಣುತ್ತಿತ್ತಂತೆ.

ಆಗ ಬಂದರು ಅಪ್ಪ.

ಅಪ್ಪ ಮೈಸೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಆಗಸ್ಟ್ ಹದಿನೈದರ ಪಥಸಂಚಲನಕ್ಕೆ ಮಕ್ಕಳನ್ನು ತಿಂಗಳುಗಟ್ಟಲೆ ಬಿಸಿಲಲ್ಲಿ ನಡೆಸಿದವರು. ಅಮ್ಮ ಹೋದ ಮೇಲೆ ವರ್ಷಕ್ಕೊಮ್ಮೆ ಅವರನ್ನು ಆಸ್ಟ್ರೇಲಿಯಾಕ್ಕೆ ಕರೆಸಿಕೊಂಡು ನಾವು ಮೂವರು ಮಕ್ಕಳೂ ಹಂಚಿಕೊಳ್ಳುತ್ತೇವೆ. ಮೊದಲು ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿರುವ ಅಕ್ಕ, ಆಮೇಲೆ ನಾನು, ಕೊನೆಗೆ ಪರ್ತ್‌ನ ಸದರ್ನ್ ರಿವರ್‌ನಲ್ಲಿರುವ ತಮ್ಮ. ಅಪ್ಪ ಇದನ್ನು ರಿಲೇ ರೇಸ್ ಎನ್ನುತ್ತಾರೆ. ಬ್ಯಾಟನ್ ತಾವೇ ಅಂತೆ.

ಈ ರಿಲೇಯಲ್ಲಿ ನಮ್ಮವರದ್ದೇ ಒಂದು ಸಂಪ್ರದಾಯವಿದೆ, ನಿಮಗೂ ಗೊತ್ತಿರುತ್ತದೆ. ವೀಲ್‌ಚೇರ್! ಗಟ್ಟಿಮುಟ್ಟಾಗಿರುವ ಅಪ್ಪ-ಅಮ್ಮನಿಗೂ ಟಿಕೆಟ್ ಜೊತೆಗೇ ಬುಕ್ ಮಾಡಿಬಿಡುತ್ತೇವೆ. ಕಾಲಿಗಲ್ಲ, ಇಂಗ್ಲಿಷಿಗೆ. ಯಾರೋ ತಳ್ಳಿಕೊಂಡು ಹೋದರೆ ಕ್ಯೂ ಇಲ್ಲ, ಕಸ್ಟಮ್ಸ್‌ನಲ್ಲಿ ಉಪ್ಪಿನಕಾಯಿ ಬಗ್ಗೆ ಪ್ರಶ್ನೆ ಕೇಳಿದರೆ ತಬ್ಬಿಬ್ಬಾಗಬೇಕಿಲ್ಲ. ಮೊದಲ ಸಲ ಅಪ್ಪ ಕೆಂಡಾಮಂಡಲವಾಗಿದ್ದರು. “ಊರ ಮಕ್ಕಳಿಗೆಲ್ಲ ನಡೆಯೋದು ಕಲಿಸ್ದೋನನ್ನ ಕುರ್ಚಿ ಮೇಲೆ ಕೂರಿಸ್ತೀರೇನ್ರೋ?” ಎಂದು ಕುರ್ಚಿಯ ಪಕ್ಕದಲ್ಲೇ ದಾಪುಗಾಲು ಹಾಕಿಕೊಂಡು ಬಂದಿದ್ದರು. ತಳ್ಳುವವನಿಗೇ ಏದುಸಿರು.

ಈ ವರ್ಷ ಬ್ರಿಸ್ಬೇನ್‌ನಿಂದ ಅಡಿಲೇಡಿಗೆ ಬಂದಾಗ ಗಲಾಟೆಯೇ ಇಲ್ಲ. ತೆಪ್ಪಗೆ ಕುರ್ಚಿಯಲ್ಲಿ ಕೂತು, ರಾಜನ ಹಾಗೆ ಕೈಬೀಸುತ್ತ ಬಂದರು. ನಾನು ಬಗ್ಗಿ, ಫುಟ್‌ರೆಸ್ಟ್ ಮೇಲಿದ್ದ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿದೆ. ಅಪ್ಪನಿಗೆ ಅಂತೂ ಬುದ್ಧಿ ಬಂತು ಎಂದು ಅಕ್ಕನಿಗೆ ಮೆಸೇಜ್ ಹಾಕಿದೆ. ಅಕ್ಕ ನಗುವ ಮುಖ ಕಳಿಸಿದಳು.

ಸರಿ, ಮತ್ತೆ ಡ್ರೈವ್‌ವೇಗೆ ಬರೋಣ.

ಯಾರ್ಮಿಲಾ ಗಾರ್ಡನ್ ಚೇರಿನಲ್ಲಿ, ತೊಡೆಯ ಮೇಲೆ ಕಾದಂಬರಿ, ಕೈಯಲ್ಲಿ ಪೆನ್ಸಿಲ್. ಅವರು ಇಂಗ್ಲಿಷ್ ಪದ ಕೂಗುವುದು, ನಾನು ಅದನ್ನು ಕನ್ನಡಕ್ಕೆ ತಿರುಗಿಸುವುದು, ಅಪ್ಪ ಅದನ್ನು ಕಾಲಿಗೆ ತಿರುಗಿಸುವುದು, ಯಾರ್ಮಿಲಾ ಕಾಲಿನಿಂದ ಜೆಕ್‌ಗೆ. ಪ್ರಪಂಚದಲ್ಲಿ ಇನ್ನೆಲ್ಲಾದರೂ ಇಂಥ ಟ್ರಾನ್ಸ್‌ಲೇಷನ್ ಬ್ಯೂರೋ ಇದೆಯೇ?

“ಟಿಪ್‌ಟೋ!”

“ಅಪ್ಪಾ, ತುದಿಗಾಲು. ಕಳ್ಳನ ಥರ.”

ಅಪ್ಪ ತೋಳು ಅಗಲಿಸಿ, ಕಣ್ಣು ಅರಳಿಸಿ ನಡೆದರು. ಯಾರ್ಮಿಲಾ ಖುಷಿಯಿಂದ ‘ಪೊ ಶ್ಪಿಚ್ಕಾಖ್’ ಎಂದು ಬರೆದುಕೊಂಡರು. ಸ್ಟ್ರಟ್ ಎಂದಾಗ ಅಪ್ಪ ಎದೆ ಉಬ್ಬಿಸಿ ಅವರ ಹಳೇ ಹೆಡ್‌ಮಾಸ್ಟರನ್ನು ತೋರಿಸಿದರು. “ಇವ್ರ ನಡಿಗೆ ನೋಡಿದ್ರೆ ಶಾಲೆ ಕಟ್ಟಿದ್ದೇ ಇವ್ರು ಅನ್ಕೋಬೇಕು ಕಣೆ, ಹಾಗಿತ್ತು.” ಅದಕ್ಕೆ ‘ವಿಕ್ರಾಚೊವತ್ ಸಿ’ ಬಂತು. ಶಫಲ್ ಎಂದಾಗ ಕಾಲು ಎಳೆದುಕೊಂಡು, ಹೋಮ್‌ವರ್ಕ್ ಮಾಡದೆ ಬಂದ ಹುಡುಗನಾದರು. ‘ಶೌರತ್ ಸೆ.’ ಸ್ಟ್ರೈಡ್‌ಗೆ ತಾವೇ ಲೆಫ್ಟ್-ರೈಟ್ ಹೇಳಿಕೊಂಡು ದಾಪುಗಾಲು ಹಾಕಿದರು. ‘ಕ್ರಾಚೆತ್.’

ಕೊನೆಗೆ ಯಾರ್ಮಿಲಾ ಕಾದಂಬರಿಯ ಕೊನೆಯ ಪುಟ ತೆರೆದರು. “ಇನ್ನು ಒಂದೇ ಒಂದು. ಇಷ್ಟೆಲ್ಲ ನಡೆಸಿದ ಲೇಖಕ, ಕೊಲೆಗಾರ ಹೊರಟು ಹೋಗುವಾಗ ಏನು ಬರೆದಿದ್ದಾನೆ ನೋಡು. ವಾಕ್ಡ್! ಅಷ್ಟೆ. ಇದು ತುಂಬ ಕಷ್ಟ.”

ನನಗೆ ನಗು. ಇದಕ್ಕೂ ಡೆಮೊ ಬೇಕೆ? “ಅಪ್ಪಾ, ಏನೂ ಮಾಡ್ಬೇಡಿ. ಸುಮ್ನೆ ಲೆಟರ್‌ಬಾಕ್ಸ್‌ವರೆಗೂ ನಡೆದು ವಾಪಸ್ ಬನ್ನಿ.”

ಅಪ್ಪ ಒಂದು ಗಳಿಗೆ ನಿಂತರು. “ಸುಮ್ನೇನಾ?” ಎಂದರು.

ಆಮೇಲೆ ಹೊರಟರು. ಪುಟಪುಟ ಪುಟಪುಟ. ಗೇಣುದ್ದದ ಹೆಜ್ಜೆಗಳು, ಒಂದರ ಹಿಂದೆ ಒಂದು ಅವಸರದಲ್ಲಿ. ಮೈ ಮುಂದೆ, ಕಾಲು ಹಿಂದೆ. ಎಡಗೈ ಬೀಸುತ್ತಿತ್ತು, ಬಲಗೈ ಪ್ಯಾಂಟಿಗೆ ಅಂಟಿಕೊಂಡಿತ್ತು. ಲೆಟರ್‌ಬಾಕ್ಸ್ ಹತ್ತಿರ ತಿರುಗಬೇಕು, ಕಾಲು ನೆಲ ಬಿಡಲಿಲ್ಲ. ಡಬ್ಬಿ ಹಿಡಿದುಕೊಂಡು, ಇದ್ದಲ್ಲೇ ಚಿಕ್ಕ ಚಿಕ್ಕದಾಗಿ ಹೆಜ್ಜೆ ಬದಲಿಸುತ್ತ ತಿರುಗಿದರು.

ನಾನು ಇನ್ನೂ ನಗುತ್ತಲೇ ಇದ್ದೆ. “ಅಪ್ಪಾ, ಆ್ಯಕ್ಟಿಂಗ್ ಸಾಕು!”

ಅಪ್ಪ ನಗಲಿಲ್ಲ. ಯಾರ್ಮಿಲಾ ಪೆನ್ಸಿಲ್ ಕೆಳಗಿಟ್ಟಿದ್ದರು.

“ಇದಕ್ಕೂ ನಮ್ಮಲ್ಲಿ ಪದ ಇದೆ, ತ್ಸುಪಿತತ್” ಎಂದರು ಮೆಲ್ಲಗೆ. “ಪುಸ್ತಕಕ್ಕೆ ಬೇಡ. ಅದು ಪುಟ್ಟ ಹುಡುಗಿಯರು ನಡೆಯೋದಕ್ಕೆ ಹೇಳುವ ಪದ, ಮುದ್ದಿನ ಪದ. ನನ್ನ ಗಂಡನಿಗೆ ಒಂದು ವರ್ಷ ಆ ಪದ ಹೇಳಿ ರೇಗಿಸಿದ್ದೆ. ಆಮೇಲೆ ಡಾಕ್ಟರು ಬೇರೆ ಪದ ಹೇಳಿದರು. ಪಾರ್ಕಿನ್ಸನ್ಸ್.”

ನಮ್ಮ ಮನೆಯಲ್ಲೂ ಆ ಮುದ್ದಿನ ಪದ ಹೇಳಿಯಾಗಿತ್ತು. ನನ್ನ ಮಗಳು ಅಪ್ಪ ಬಂದ ವಾರದಲ್ಲೇ “ತಾತಾ ವಾಕ್ಸ್ ಲೈಕ್ ಅ ಟಾಡ್ಲರ್, ಸೋ ಕ್ಯೂಟ್” (ಈಗಷ್ಟೆ ನಡೆಯೋಕೆ ಕಲಿತ ಮಗುವಿನ ಹಾಗೆ) ಅಂದಿದ್ದಳು. ಎಲ್ಲರೂ ನಕ್ಕಿದ್ದೆವು, ಅಪ್ಪನೂ. ನಾನು ಚಳಿಯನ್ನು ಬೈದು, ಸಾಕ್ಸ್ ಮೇಲೆ ಹವಾಯಿ ಚಪ್ಪಲಿ ಹಾಕಬೇಡಿ ಎಂದು ಹೇಳಿ ಸ್ನೀಕರ್ಸ್ ತಂದುಕೊಟ್ಟಿದ್ದೆ.

ರಾತ್ರಿ ಅಡುಗೆಗೆ ಮುಂಚೆ ಅಪ್ಪನ ಪಕ್ಕ ಕೂತೆ. ಕೇಳುವ ಮೊದಲೇ ಅವರೇ ಶುರು ಮಾಡಿದರು.

“ಹೋದ್ ವರ್ಷದಿಂದ್ಲೇ ಇದೆ ಕಣೆ. ಬೇರೆಯವ್ರ ಥರ ನಡಿ ಅಂದ್ರೆ ನಡೀತೀನಿ. ನನ್ನ ಥರ ನಡಿಯಕ್ಕೇ ಬರ್ತಿಲ್ಲ.”

“ಯಾಕೆ ಹೇಳ್ಲಿಲ್ಲ ಅಪ್ಪಾ?”

“ಹೇಳಿದ್ರೆ ಮುಂದಿನ್ ವರ್ಷ ಕರೆಸ್ಕೊಳ್ತಿದ್ರಾ? ವಯಸ್ಸಾಯ್ತು, ಟ್ರಾವೆಲ್ ಬೇಡ ಅಂತಿದ್ರಿ. ನೀವೇ ಕುರ್ಚಿ ತಂದ್ಕೊಟ್ರಿ, ಕೂತ್ಕೊಂಡೆ. ಯಾರಿಗೂ ಗೊತ್ತಾಗ್ಲಿಲ್ಲ.”

ನನಗೆ ಅಳು ಬಂತು. ಮರುಕ್ಷಣ ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಡಾಕ್ಟರ್. ಎರಡು ತಿಂಗಳು ದಿನಾ ಬೆಳಿಗ್ಗೆ ಅಪ್ಪನ ಬಿ.ಪಿ. ನೋಡಿದ್ದಾಳೆ, ಶುಗರ್ ನೋಡಿದ್ದಾಳೆ. ಅಪ್ಪನ ನಡಿಗೆಯ ವಿಷಯ ಹೇಳಿದೆ. “ಬಿ.ಪಿ. ಕೂರಿಸಿ ನೋಡೋದಲ್ವೇನೆ” ಎಂದಳು. ಅವಳೂ ಅಳುತ್ತಿದ್ದಳು.

ಯೋಚಿಸಿ ನೋಡಿ. ವರ್ಷದ ಆರು ತಿಂಗಳು ನಾವು ಅಪ್ಪನನ್ನು ನೋಡುವುದು ವಿಡಿಯೋ ಕಾಲ್‌ನಲ್ಲಿ. ಅಲ್ಲಿ ಅವರು ಎದೆಯಿಂದ ಮೇಲೆ ಮಾತ್ರ ಇರುತ್ತಾರೆ. (ಕೆಲವೊಮ್ಮೆ ಹಣೆ ಮಾತ್ರ.) ಏರ್‌ಪೋರ್ಟಿನಲ್ಲಿ ವೀಲ್‌ಚೇರ್, ಅಲ್ಲಿಂದ ಕಾರು, ಕಾರಿನಿಂದ ಸೋಫಾ. ಊಟ ಸೋಫಾಕ್ಕೇ ಬರುತ್ತದೆ, ಪ್ರೀತಿಯಿಂದ. ಮೂರು ಊರಿನಲ್ಲಿ ಮೂರು ಜನ ಮಕ್ಕಳು ಪೈಪೋಟಿಯಲ್ಲಿ ಪಿ.ಟಿ. ಮೇಷ್ಟ್ರನ್ನು ಕೂರಿಸಿದ್ದೆವು.

ಮುಂದಿನದ್ದು ಬೇಗ ಹೇಳುತ್ತೇನೆ. ಮೊದಲು ಜಿ.ಪಿ. (ಇಲ್ಲಿನ ಫ್ಯಾಮಿಲಿ ಡಾಕ್ಟರು), ಅಲ್ಲಿಂದ ನರರೋಗ ತಜ್ಞರು. ಯಾರ್ಮಿಲಾ ಹೇಳಿದ್ದೇ ನಿಜವಾಯಿತು. ಇನ್ನೂ ಆರಂಭದ ಹಂತ ಎಂದರು, ಮಾತ್ರೆ ಕೊಟ್ಟರು. ವಾಸಿಯಾಗುವ ಕಾಯಿಲೆಯಲ್ಲ, ಆದರೆ ನಡೆಯುತ್ತಿರಬೇಕು, ಕೂರಬಾರದು. ಫಿಸಿಯೊ ಹುಡುಗಿ ಅಪ್ಪನಿಗೆ ಒಂದು ಉಪಾಯ ಹೇಳಿಕೊಟ್ಟಳು. ಕಾಲು ಹಠ ಹಿಡಿದಾಗ ತಾಳಕ್ಕೆ ಸರಿಯಾಗಿ ಗಟ್ಟಿಯಾಗಿ ಹೇಳಿಕೊಂಡು ದೊಡ್ಡ ಹೆಜ್ಜೆ ಇಡಬೇಕಂತೆ. ಲೆಫ್ಟ್, ರೈಟ್, ಲೆಫ್ಟ್, ರೈಟ್.

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಈ ಮಗೂಗೆ ಹೇಳು, ಇದನ್ನ ನಾನು ಅವಳು ಹುಟ್ಟೋಕೆ ಮುಂಚೆಯಿಂದ ಹೇಳ್ತಿದೀನಿ ಅಂತ.”

ಈಗ ದಿನಾ ಬೆಳಿಗ್ಗೆ ಲೇಕ್ ಸುತ್ತ ಅಪ್ಪನ ಪಥಸಂಚಲನ. ಯಾರ್ಮಿಲಾ ಜೊತೆಗೆ. ಅಪ್ಪ ಇಂಗ್ಲಿಷಿನಲ್ಲಿ ಲೆಫ್ಟ್-ರೈಟ್ ಎಂದರೆ, ಅವರು ಜೆಕ್‌ನಲ್ಲಿ ‘ಲೆವಾ, ಪ್ರಾವಾ’ ಎನ್ನುತ್ತಾರೆ. ಕೆಲವು ದಿನ ಸೈನಿಕನ ಹಾಗೆ ಹೋಗುತ್ತಾರೆ, ಕೆಲವು ದಿನ ಪುಟಪುಟ. ಆ ನಾಯಿ ದಂಪತಿ ಇವರನ್ನು ಕಂಡು ಈಗಲೂ ರಸ್ತೆ ದಾಟುತ್ತಾರೆ.

ಹೋದ ವಾರ ಬ್ಯಾಟನ್ ಪರ್ತ್‌ಗೆ ಹೊರಟಿತು. ಹಿಂದಿನ ದಿನ ತಮ್ಮನ ಫೋನ್. “ಅಕ್ಕಾ, ವೀಲ್‌ಚೇರ್ ಬುಕ್ ಮಾಡಿದೀಯ ತಾನೆ?”

“ಇಲ್ಲ. ಏರ್‌ಲೈನ್‌ನವ್ರಿಗೆ ಹೇಳಿದೀನಿ, ಜೊತೇಲಿ ಒಬ್ರು ಬರ್ತಾರೆ. ಡೊಮೆಸ್ಟಿಕ್ ತಾನೆ, ಒಳಗೆ ಬಿಡ್ತಾರೆ, ನೀನು ಗೇಟ್ ಹತ್ರಾನೇ ನಿಂತಿರು. ಅಪ್ಪ ನಡ್ಕೊಂಡ್ ಬರೋದನ್ನ ಕಣ್ತುಂಬಾ ನೋಡು. ಮುಗಿಯೋವರ್ಗೂ ಕಾಲಿಗೆ ಬೀಳೋಕೆ ಹೋಗ್ಬೇಡ.”

ಅವನು ನೋಡಿದ. ಎಲ್ಲರೂ ಇಳಿದು ಹೋದ ಮೇಲೆ, ಖಾಲಿ ಕಾರಿಡಾರಿನಲ್ಲಿ ಅಪ್ಪ ಮುಂದೆ ಗಟ್ಟಿಯಾಗಿ ಲೆಫ್ಟ್-ರೈಟ್ ಹೇಳಿಕೊಂಡು ಬಂದರಂತೆ, ಹಿಂದೆ ಏರ್‌ಲೈನ್‌ನವಳು ಬ್ಯಾಗ್ ಹಿಡಿದು ಅದೇ ಹೆಜ್ಜೆಯಲ್ಲಿ. ಅರ್ಧ ಗಂಟೆ ಬಿಟ್ಟು ನನಗೆ ಅವನ ಮೆಸೇಜ್ ಬಂತು. ‘ಅಕ್ಕಾ, ಅಪ್ಪ ನಡೆಯೋದನ್ನ ನಾನು ಎಷ್ಟು ವರ್ಷದಿಂದ ನೋಡೇ ಇರ್ಲಿಲ್ಲ?’

ಜೆಕ್ ಭಾಷೆಯನ್ನು ಅಧಿಕಪ್ರಸಂಗಿ ಅಂದಿದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹೋದವರು ಹೇಗೆ ಹೋದರು ಎಂದು ಅದು ಕೇಳುತ್ತದಲ್ಲ, ಅದನ್ನೇ ಈಗ ನಿಮಗೂ ಕೇಳುತ್ತಿದ್ದೇನೆ.

ನಿಮ್ಮಪ್ಪನ ಕಾಲನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? (ನಮಸ್ಕಾರ ಮಾಡಿದ್ದು ಲೆಕ್ಕಕ್ಕಿಲ್ಲ.)